ಟೋಪಿ ಕಳೆದುಕೊಂಡ ಹಳದಿ

ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದ ಮೂರನೇ ದಿನವೇ ನಮ್ಮ ಭಾವ ನನ್ನ ಮಾತು ತಿದ್ದಲು ಶುರು ಮಾಡಿದರು. ಭಾವ ಅಂದರೆ ನನ್ನ ಯಜಮಾನರ ಅಣ್ಣ. ಹೈಸ್ಕೂಲಿಗೆ ಕನ್ನಡ ಮೇಷ್ಟರಾಗಿ ಸೇರಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಭಾವ, ಆಲು ಕಾಯ್ಸಿವ್ನಿ, ತರ್ಲಾ?" ಎಂದು ಕೇಳಿದೆ. ಅವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟು, "ಆಲು ಅಂದ್ರೆ ಗೆಡ್ಡೆ ಕಣಮ್ಮ. ಹಾಲು ಅನ್ನು. ಹಾ... ಲು" ಎಂದರು. ಪಾಠ ಮುಗಿಯುವ ಹೊತ್ತಿಗೆ ಲೋಟದ ಹಾಲು ಕೆನೆ ಕಟ್ಟಿತ್ತು.

ಸಿಂಧಘಟ್ಟದ ನಮ್ಮ ತವರಿನಲ್ಲಿ ಎಂಟು ಹಸು ಕರೆಯುತ್ತಿದ್ದೆವು. ಅಷ್ಟು ಹಸುಗಳನ್ನು ಕರೆದು ಡೈರಿಗೆ ಹಾಕಿದವರಲ್ಲಿ ಒಬ್ಬರಾದರೂ ಹಾಲಿಗೆ ಹಕಾರ ಹಾಕಿದವರಲ್ಲ. ಹಾಗೆಂದು ಹಾಲಿನ ಡಿಗ್ರಿ ಯಾವತ್ತೂ ಇಳಿದಿರಲಿಲ್ಲ. ಆದರೆ ಇದನ್ನು ಮೂರು ದಿನದ ಮದುಮಗಳು ಭಾವನಿಗೆ ಹೇಳುವುದು ಹೇಗೆ? ತಲೆ ಬಗ್ಗಿಸಿ "ಹಾಲು" ಎಂದು ಹತ್ತು ಸಲ ಹೇಳಿ ಒಳಗೆ ಹೋದೆ.

ತಿದ್ದಿದ್ದರ ಫಲ ಏನಾಯಿತೆಂದರೆ, ಇರಬೇಕಾದ ಕಡೆ ಹಕಾರ ಬಿಟ್ಟು ಇಲ್ಲದ ಕಡೆ ಸೇರಿಸತೊಡಗಿದೆ. ಭಾವನ ಹೊಸ ಮನೆಯ ಗೃಹಪ್ರವೇಶದ ದಿನ ಅವರ ಇಲಾಖೆಯ ಸಾಹೇಬರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ನಾನು ಅನ್ನದ ಪಾತ್ರೆ ಹಿಡಿದು, ಈ ಸಲ ತಪ್ಪಬಾರದೆಂದು ಉಸಿರು ಬಿಗಿ ಹಿಡಿದು, ಬಿಡಿಬಿಡಿಯಾಗಿ ಕೇಳಿದೆ: "ಹನ್ನ ಬಡಿಸ್ಲಾ ಸರ್?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಾಹೇಬರೊಬ್ಬರಿಗೆ ನೆತ್ತಿಗೇರಿ ಕೆಮ್ಮು ಬಂತು. ಭಾವ ಮಾತ್ರ ನಗಲಿಲ್ಲ, ಎಲೆಯತ್ತ ನೋಡುತ್ತ ಕೂತರು. ನನಗೆ ಆ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಹೊರಗಿನವರು ನಾಲ್ಕು ಜನ ಸೇರಿದ ಕಡೆ ನಾನು ತಲೆಯಾಡಿಸಿಯೇ ಕೆಲಸ ಸಾಗಿಸಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ನನ್ನ ಯಜಮಾನರು ದಿನಕ್ಕೆ ನೂರು ಹಕಾರ ನುಂಗುತ್ತಾರೆ. ಭಾವ ತಮ್ಮನನ್ನು ಒಂದು ದಿನವೂ ತಿದ್ದಿದ್ದಿಲ್ಲ.

ನಮ್ಮದು ಮಾವನವರು ಇಟ್ಟ ಹಾರ್ಡ್‌ವೇರ್ ಅಂಗಡಿ. ಈಗ ಅರ್ಧಕ್ಕಿಂತ ಹೆಚ್ಚು ಪೇಂಟೇ ತುಂಬಿದೆ. ಬಣ್ಣ ಕಲಸುವ ಮಿಷನ್ನು ಬಂದ ಮೇಲೆ ಗಿರಾಕಿಗಳು ಕಾರ್ಡು ನೋಡಿ ನಂಬರು ಹೇಳುತ್ತಾರೆ. ನನಗೆ ನಂಬರು ಹೇಳುವವರಿಗಿಂತ, "ಅಕ್ಕ, ಅಸಿನ ಗಿಣ್ಣಿನ ಬಣ್ಣ ಕೊಡಿ" ಎಂದು ಕೇಳುವವರೇ ಇಷ್ಟ. ಅಂಥವರಿಗೆ ಎಷ್ಟು ಹಳದಿ, ಎಷ್ಟು ಬಿಳಿ ಬೇಕೆಂದು ನನ್ನ ಕೈಗೆ ಗೊತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಪೇಪರಿನ ಪದಬಂಧ ಹರವಿಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿಗೇ ನಿಂತುಹೋದ ಓದನ್ನು ಹಾಗೆ ಚೌಕ ಚೌಕವಾಗಿ ಮುಂದುವರಿಸಿಕೊಂಡು ಬಂದಿದ್ದೇನೆ. ಹಳೆಯ ನಿಘಂಟೊಂದನ್ನು ರದ್ದಿಯವನಿಂದ ತೆಗೆದುಕೊಂಡಿದ್ದೆ. ಅದರ ಮೊದಲ ಮೂವತ್ತು ಪುಟವೂ ಕೊನೆಯ ಹಲವು ಪುಟವೂ ಇರಲಿಲ್ಲ. 'ಅ'ದಲ್ಲಿ ಶುರುವಾಗುವ ಪದಗಳ ವಿಷಯದಲ್ಲಿ ನಾನು ಸ್ವಲ್ಪ ದುರ್ಬಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಓದುವ ಹುಚ್ಚಿನವರು ಸೇರಿ ವರ್ಷಕ್ಕೊಮ್ಮೆ ರಸಪ್ರಶ್ನೆ ನಡೆಸುತ್ತಾರೆ. ತಂಡಕ್ಕೆ ಮೂವರು. ನಮ್ಮ ತಾಲ್ಲೂಕಿಗೆ ಭಾವನೇ ನಾಯಕರು. ಅವರ ಜೊತೆಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆದು ನಿವೃತ್ತರಾದ ಗುಮಾಸ್ತರೊಬ್ಬರು. ಆಟೋಟ, ರಾಜಕೀಯ ಅವರ ಪಾಲು. ಮೂರನೆಯವರಿಗೆ ಈ ವರ್ಷ ಮಂಡಿ ಆಪರೇಷನ್ ಆಯಿತು. ಯಾರನ್ನು ಕರೆಯುವುದೆಂದು ನಮ್ಮ ಅಂಗಡಿಯ ಮುಂದೆಯೇ ನಿಂತು ಭಾವ ಯೋಚಿಸುತ್ತಿದ್ದಾಗ ಗುಮಾಸ್ತರು, "ನಮ್ಮ ಪೇಂಟಂಗ್ಡಿ ಅಮ್ಮ ಇಲ್ವಾ ಸಾರ್? ಪದಬಂಧ ಇಡ್ದ್ರೆ ಬುಡಾದೇ ಇಲ್ಲ ಅವ್ರು" ಎಂದರು.

ಭಾವ ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ಒಪ್ಪಿದರು, ಷರತ್ತು ಹಾಕಿ. "ನೋಡಮ್ಮ, ನಿನಗೆ ಗೊತ್ತಾದದ್ದನ್ನ ಚೀಟಿಯಲ್ಲಿ ಬರೆದು ನನಗೆ ಕೊಡು. ಮೈಕಿನಲ್ಲಿ ನಾನು ಹೇಳ್ತೀನಿ. ನೀನು ಮೈಕು ಮುಟ್ಟಬೇಡ. ನಾಲ್ಕು ತಾಲ್ಲೂಕಿನ ಜನ ಇರ್ತಾರೆ." ಹೊರಡುವಾಗ, "ಈ ಸಲ ಕಪ್ ಬರದಿದ್ದರೆ ಮುಂದಿನ ವರ್ಷಕ್ಕೆ ನನ್ನ ಹಳೇ ಶಿಷ್ಯ ಲೆಕ್ಚರರ್ ಒಬ್ಬ ಇದ್ದಾನೆ, ಅವನನ್ನ ಕೂರಿಸ್ಕೊಳ್ತೀನಿ" ಎಂದೂ ಸೇರಿಸಿದರು.

ನಾನು ಒಪ್ಪಿಕೊಂಡೆ. ನನಗೆ ಆ ಕುರ್ಚಿ ಬೇಕಾಗಿತ್ತು. ಐವತ್ತು ದಾಟಿದ ಹೆಂಗಸಿಗೆ ಇದೆಂಥ ಆಸೆ ಎನ್ನುವವರು ಎನ್ನಲಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಒಬ್ಬಳೇ ಗೆದ್ದು ಒಬ್ಬಳೇ ಸಂತೋಷಪಟ್ಟು ಸಾಕಾಗಿತ್ತು. ಒಂದು ಸಲ ಜನರ ಎದುರು ಗೆಲ್ಲಬೇಕಿತ್ತು, ಗೆದ್ದು ಆ ಕುರ್ಚಿಯನ್ನು ನನ್ನದು ಮಾಡಿಕೊಳ್ಳಬೇಕಿತ್ತು.

ಕೆ.ಆರ್. ಪೇಟೆಯ ಸುತ್ತಿನಲ್ಲಿ ಮೂರು ಚೀಟಿ ಕೊಟ್ಟೆ, ಮೂರೂ ಸರಿಯಾದವು. ಭಾವ ಅವನ್ನು ಗಂಟಲು ಸರಿಮಾಡಿಕೊಂಡು, ಈಗತಾನೇ ತಮಗೇ ಹೊಳೆದಂತೆ ಹೇಳಿದರು. ನಾಗಮಂಗಲದಲ್ಲಿ ನಾಲ್ಕು ಚೀಟಿ. ಅಲ್ಲಿ ಭಾವ ಒಂದು ಚೀಟಿಯಲ್ಲಿದ್ದ 'ಅಟ್ಟ'ವನ್ನು ಪೆನ್ನಿನಿಂದ 'ಹಟ್ಟ' ಎಂದು ತಿದ್ದಿದ್ದು ನನ್ನ ಕಣ್ಣಿಗೆ ಬಿತ್ತು. ಬಾಯಲ್ಲಿ ನುಂಗುವವಳು ಬರೆಯುವಾಗಲೂ ನುಂಗುತ್ತಾಳೆ ಎಂದು ಅವರ ಲೆಕ್ಕ. ಪುಣ್ಯಕ್ಕೆ ಹೇಳುವ ಹೊತ್ತಿಗೆ ಅವರಿಗೇ ಅನುಮಾನ ಬಂದು ಸರಿಯಾಗಿ ಹೇಳಿದರು. ನಾನು ಬರೆಯುವುದರಲ್ಲಿ ಯಾವತ್ತೂ ತಪ್ಪಿದವಳಲ್ಲ. ಎರಡು ಸುತ್ತು ಮುಗಿದಾಗ ನಾವೂ ಶ್ರೀರಂಗಪಟ್ಟಣದವರೂ ಸಮಸಮ ನಿಂತಿದ್ದೆವು.

ಕೊನೆಯ ಸುತ್ತು ಶ್ರೀರಂಗಪಟ್ಟಣದಲ್ಲಿ. ಪ್ರಶ್ನೆ ಕೇಳುವವರು ಮೈಸೂರಿನಿಂದ ಬರುವ ಮೇಡಂ ಒಬ್ಬರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಪದಗಳ ಹುಚ್ಚು ನನಗಿಂತ ಒಂದು ಕೈ ಮೇಲೆ. ಕೊನೆಯ ಸುತ್ತಿಗೆ ಒಂದು ವಾರ ಮೊದಲು ಅವರು ನಮ್ಮೆಲ್ಲರ ವಾಟ್ಸಾಪಿಗೆ ಒಂದು ಒಗಟು ಹಾಕಿದರು. ಹಳೆಯ ಕಾಲದ ಬಣ್ಣ, ಪದದ ಹುಟ್ಟು, ಎರಡೂ ಇದರಲ್ಲಿವೆ, ಬಿಡಿಸಿದವರಿಗೇ ಕಪ್ ಎಂದು ಬರೆದಿದ್ದರು. ಒಗಟು ಹೀಗಿತ್ತು:

"ಮೈಯೆಲ್ಲ ವಿಷ, ಆದರೂ ದೇವರಿಗೆ ನಾನೇ ಪೀತಾಂಬರ.
ಹುಟ್ಟಿದಾಗ ಹರಿಯೇ ನನ್ನ ತಲೆಯ ಮೇಲಿದ್ದ. ಕನ್ನಡ ನಾಡಿಗೆ ಬಂದು ಟೋಪಿ ಕಳೆದುಕೊಂಡೆ.
ಈಗ ಗರಗಸದ ಹಲ್ಲು ಮಸೆಯುವವನ ಆಳ ಅಳೆದರೆ ಸಿಗುತ್ತೇನೆ.
ಕನ್ನಡದಲ್ಲಿ ನನ್ನ ಹೆಸರೇನು?"

ಭಾವ ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು. "ಅರಿಶಿನ ಕಣಮ್ಮ! ಸಂಸ್ಕೃತದಲ್ಲಿ ಹರಿದ್ರಾ. ತಲೆಯ ಮೇಲೆ ಹರಿ ಇದ್ದಾನೆ. ಕನ್ನಡಕ್ಕೆ ಬಂದು ಹಕಾರ ಹೋಯ್ತು."

"ಭಾವ, ಅರಿಶ್ಣ ಇಸ ಎಂಗಾದದು? ದಿನಾ ಸಾರಿಗೆ ಆಕ್ತೀವಲ್ಲ."

"ಕ್ರಿಮಿಗಳಿಗೆ ವಿಷ. ಗಾಯಕ್ಕೆ ಹಾಕೋದು ಅದಕ್ಕೇ ತಾನೆ?"

"ಗರಗಸದ್ದು?"

"ಅದು ಬರೀ ಅಲಂಕಾರ. ಹಾಕ್ತೀವಲ್ಲ ಅನ್ನು, ಆಕ್ತೀವಲ್ಲ ಅಲ್ಲ."

ಹಾರ್ಡ್‌ವೇರ್ ಅಂಗಡಿಯವಳಿಗೆ ಗರಗಸ ಅಲಂಕಾರ ಎಂದರೆ ನಂಬಿಕೆ ಬರುವುದಿಲ್ಲ. ಗರಗಸದ ಹಲ್ಲು ಮಸೆಯಲು ಬಡಗಿಗಳು ನಮ್ಮಲ್ಲಿ ಬಂದು ಮೂರು ಮೂಲೆಯ ಫೈಲು ಕೇಳುತ್ತಾರೆ. ಫೈಲಿನ ಆಳ? ಅರ್ಥವಿಲ್ಲ. ಸಾಣೆಯ ಆಳ? ಅದಕ್ಕೂ ಅರ್ಥವಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅದೇ ಯೋಚನೆ. ಗುರುವಾರ ಯಾರಿಗೋ ಆಕಾಶನೀಲಿ ಕೊಡುವ ಬದಲು ಹಸಿರು ಕಲಸಿಕೊಟ್ಟೆ. ಯಜಮಾನರು ನನ್ನ ಮುಖ ನೋಡಿ, "ನೀ ಒಗಟು ಬುಡ್ಸು, ಬಣ್ಣ ನಾ ಕಲಸ್ತೀನಿ" ಎಂದು ಮಿಷನ್ನಿನ ಮುಂದಿನ ಸ್ಟೂಲು ಕಿತ್ತುಕೊಂಡರು. ನಿಘಂಟು ತಿರುವಿದೆ. 'ಅ'ದ ಮೂವತ್ತು ಪುಟ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಮುಂದೆ ಹುಡುಕಿ ಏನು ಸಿಗಬೇಕು?

ಭಾನುವಾರ ಬೆಳಿಗ್ಗೆ ಭಾವ ಕಾರಿನಲ್ಲಿ ಬಾ ಎಂದು ಕರೆದರು. ಶ್ರೀರಂಗಪಟ್ಟಣದಲ್ಲಿ ಬೋರ್ಡು ಬರೆಯುವ ಸಾಹೇಬರಿಗೆ ಒಂದು ಡಬ್ಬ ಹಳದಿ ಇನಾಮಲ್ ತಲುಪಿಸುವುದಿತ್ತು, ನಾನು ಬಸ್ಸಿಗೇ ಬರುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ಕಾರಿನಲ್ಲಿ ದಾರಿಯುದ್ದಕ್ಕೂ ಅರಿಶಿನ ಕೇಳುವ ತಾಳ್ಮೆ ನನಗಿರಲಿಲ್ಲ.

ಆ ಸಾಹೇಬರಿಗೆ ಎಪ್ಪತ್ತರ ಮೇಲಿರಬೇಕು. ಗಂಜಾಂ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ಶೀಟಿನ ಮಾಡಿನ ಕೆಲಸದ ಮನೆ. ಕಬ್ಬಿನ ಹಾಲಿನ ಅಂಗಡಿಯ ಬೋರ್ಡಿಗೆ ಅಂಚು ಎಳೆಯುತ್ತಿದ್ದರು. ನಾನು ಕೊಟ್ಟ ಡಬ್ಬ ತೆರೆದು ಕಡ್ಡಿಯಲ್ಲಿ ಕಲಕಿ ಮುಖ ಕಿವುಚಿದರು. "ಈ ಹಳದೀಲಿ ಜಾನ್ ಇಲ್ಲ ಅಕ್ಕ."

"ಕಂಪ್ನಿ ಮಾಲು ಸಾಹೇಬ್ರೆ, ನಾನೇನ್ ಮಾಡ್ಲಿ?"

"ನಿಮ್ಗೆ ಅನ್ನಲ್ಲ ಅಕ್ಕ. ನಮ್ಮ ದಾದಾ, ಅಪ್ಪನ ಅಪ್ಪ, ದೇವ್ರ ಪಟ ಬರೆಯೋರ್ಗೆ ಬಣ್ಣ ಅರೆದು ಕೊಡ್ತಿದ್ರು. ಪೀತಾಂಬರಕ್ಕೆ ಅಂತಾನೇ ಒಂದು ಕಲ್ಲು ಬರೋದು. ಹಳದಿ ಕಲ್ಲು, ಪದರ ಪದರ, ಬಂಗಾರ ಇದ್ದಂಗೆ. ಹರ್ತಾಲ್ ಅಂತ. ಅದು ಹಳದಿ ಅಂದ್ರೆ! ಆದ್ರೆ ಜಹರ್ ಅಕ್ಕ, ಪೂರಾ ವಿಷ. ಬಾಯಿಗೆ ಬಟ್ಟೆ ಕಟ್ಕೊಂಡೇ ಅರೆಯೋರು."

ಪೀತಾಂಬರ ಎಂದಾಗಲೇ ನನಗೆ ಒಗಟಿನ ಮೊದಲ ಸಾಲು ನೆನಪಾಗಿತ್ತು. ಜಹರ್ ಎಂದಾಗ ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. "ಏನಂದ್ರಿ? ಅರ್ತಾಲಾ? ಅಂಗ್ಡಿ ಮುಚ್ಚೋದಲ್ವಾ ಅದು?"

"ಅದು ಬೇರೆ. ಇದು ಬಣ್ಣ. ಹರ್ತಾಲ್."

"ಅರ್ತಾಲು," ಎಂದೆ ನಾನು ಮತ್ತೆ. ನನ್ನ ನಾಲಿಗೆಗೆ ಅಷ್ಟೇ ಬರುವುದು. "ಅರ್ತಾಲು... ಅರತಾಳ... ಅರದಾಳ."

ಅಲ್ಲಿಗೆ ನಾನು ನಿಂತಲ್ಲೇ ಸಿಂಧಘಟ್ಟದ ಕೊಟ್ಟಿಗೆಗೆ ಹೋಗಿಬಿಟ್ಟೆ. ನನ್ನ ತಾತ ಒಂದು ತಗಡಿನ ಡಬ್ಬಿಯಲ್ಲಿ ಹಳದಿ ಕಲ್ಲಿನ ಚೂರು ಇಟ್ಟಿದ್ದರು. ಎತ್ತಿಗೆ ಕಜ್ಜಿಯಾದರೆ ಅದನ್ನು ಚೂರೇ ಚೂರು ಎಣ್ಣೆಯಲ್ಲಿ ಅರೆದು ಕಡ್ಡಿಯಲ್ಲಿ ಹಚ್ಚುತ್ತಿದ್ದರು. ಅದರ ಹೊಳಪಿಗೆ ಮರುಳಾಗಿ ಆರು ವರ್ಷದ ನಾನು ಕೈ ಚಾಚಿದ್ದೆ. ತಾತ ಕೈಗೆ ಪಟಾರನೆ ಒಂದು ಕೊಟ್ಟು, "ಮುಟ್ಬ್ಯಾಡ ಕಣವ್ವ! ಅರದಾಳ ಅದು, ಸತ್ತೋಯ್ತೀಯ!" ಎಂದು ಕೂಗಿದ್ದರು. ನನ್ನನ್ನು ಯಾವತ್ತೂ ಹೊಡೆಯದ ತಾತ ಹೊಡೆದರೆಂದು ನಾನು ಸಂಜೆಯವರೆಗೆ ಅತ್ತಿದ್ದೆ. ಅದಾದ ಮೇಲೆ ಆ ಪದವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಹರಿತಾಳ. ತಲೆಯ ಮೇಲೆ ಹರಿ. ಕನ್ನಡಕ್ಕೆ ಬಂದು ಹಕಾರ ಕಳೆದು ಅರದಾಳ. ವಿಷ ಸರಿ, ಪೀತಾಂಬರ ಸರಿ. ಗರಗಸ? ಅರದ ಆಳ! ಅರ! ಫೈಲಿಗೆ ನಮ್ಮ ಹಳೆಯ ಬಡಗಿಗಳು ಅರ ಎನ್ನುತ್ತಿದ್ದರು. ನಮ್ಮ ಅಂಗಡಿಯ ಮೂರನೇ ಡ್ರಾಯರಿನ ಮೇಲೆ ಮಾವನವರ ಕೈಬರಹದಲ್ಲಿ ದಪ್ಪಗೆ 'ಅರ' ಎಂದು ಬರೆದಿದೆ. ಮೂವತ್ತು ವರ್ಷದಿಂದ ಆ ಡ್ರಾಯರು ಎಳೆದು ಫೈಲು ಮಾರಿದವಳು ನಾನು. ಮೇಲೆ ಬರೆದದ್ದನ್ನು ಒಂದು ಸಲವೂ ಓದಿರಲಿಲ್ಲ.

ನಾನು ಜೋರಾಗಿ ನಕ್ಕುಬಿಟ್ಟೆ. ಸಾಹೇಬರು ಕುಂಚ ಹಿಡಿದು ಗಾಬರಿಯಿಂದ, "ಕ್ಯಾ ಹುವಾ ಅಕ್ಕ?" ಎಂದರು. "ಸಾಹೇಬ್ರೆ, ನಿಮ್ಗೆ ಮುಂದಿನ್ ಡಬ್ಬ ಬಿಟ್ಟಿ!" ಎಂದು ಕೂಗಿ ಆಟೋ ಹಿಡಿದೆ.

ರಸಪ್ರಶ್ನೆ ನಡೆಯುವ ಶಾಲೆಯ ಸಭಾಂಗಣ ತುಂಬಿತ್ತು. ಭಾವ ಆಗಲೇ ವೇದಿಕೆಯ ಮೇಲಿದ್ದರು. ಸಂಘಟಕರು ಎಲ್ಲರ ಫೋನುಗಳನ್ನೂ ಬುಟ್ಟಿಯಲ್ಲಿ ಇಸಿದುಕೊಂಡಿದ್ದರು. ನಾನು ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತು, "ಭಾವ, ಅರಿಶ್ಣ ಅಲ್ಲ, ಗೊತ್ತಾಯ್ತು" ಎಂದೆ. ಅವರು ತುಟಿ ಅಲುಗಿಸದೆ, "ಈಗ ಬೇಡಮ್ಮ, ಗೊಂದಲ ಮಾಡಬೇಡ" ಎಂದರು. ನಾನು ಚೀಟಿಯಲ್ಲಿ 'ಅರದಾಳ' ಎಂದು ದುಂಡಗೆ ಬರೆದು ಮೇಜಿನ ಮೇಲೆ ಅವರ ಕಡೆಗೆ ತಳ್ಳಿದೆ. ಅವರು ನೋಡಲಿಲ್ಲ.

ಒಂದು ಗಂಟೆಯ ಮಾಮೂಲಿ ಪ್ರಶ್ನೆಗಳಾದ ಮೇಲೂ ನಾವೂ ಶ್ರೀರಂಗಪಟ್ಟಣದವರೂ ಸಮವಾಗಿಯೇ ಉಳಿದೆವು. ಮೇಡಂ ಒಗಟನ್ನು ಗಟ್ಟಿಯಾಗಿ ಓದಿದರು. ಮೊದಲು ಕೆ.ಆರ್. ಪೇಟೆ. "ಗೋರೋಚನ" ಎಂದರು ನನ್ನ ತವರು ತಾಲ್ಲೂಕಿನವರು. ಅಲ್ಲ. ನಾಗಮಂಗಲದವರು ಎದ್ದು ನಿಂತು, "ಅರಿಶಿನ" ಎಂದರು.

"ಅಲ್ಲ," ಎಂದರು ಮೇಡಂ. "ಅರಿಶಿನ ವಿಷವಾಗಿದ್ದರೆ ನಾವ್ಯಾರೂ ಇಲ್ಲಿ ಕೂತಿರುತ್ತಿರಲಿಲ್ಲ."

ಭಾವನ ಮುಖ ನೋಡಬೇಕಿತ್ತು. ಅವರ ಕೈ ತಾನಾಗಿಯೇ ಮೇಜಿನ ಮೇಲೆ ಸರಿದು ನನ್ನ ಚೀಟಿಯನ್ನು ಹುಡುಕಿತು. ಓದಿದರು. ಹುಬ್ಬು ಗಂಟಿಕ್ಕಿತು. ಅವರಿಗೂ ಏನೋ ಹೊಳೆದದ್ದು ಕಣ್ಣಲ್ಲಿ ಕಂಡಿತು. ಹರಿತಾಳವನ್ನು ಅವರು ಓದಿದ್ದವರೇ. ಆದರೆ ಹೊಳೆದದ್ದರ ಹಿಂದೆಯೇ ಅವರ ಹಳೆಯ ಚಟವೂ ಬಂತು. ಪೆನ್ನು ತೆಗೆದು 'ಅ'ವನ್ನು ಹೊಡೆದು ಅದರ ಮೇಲೆ 'ಹ' ಬರೆದರು. ನಾನು ಬೇಡವೆಂದು ತೋಳು ಹಿಡಿಯುವಷ್ಟರಲ್ಲಿ ಎದ್ದು ನಿಂತು ಮೈಕಿಗೆ, "ಹರದಾಳ" ಎಂದರು.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಹರದಾಳ. ಇದೇ ನಿಮ್ಮ ಕೊನೆಯ ಉತ್ತರವೇ ಸರ್?"

ಪಕ್ಕದ ಮೇಜಿನಲ್ಲಿ ಪಟ್ಟಣದವರು ಮೂವರೂ ತಲೆ ಸೇರಿಸಿ ಗುಸುಗುಸು ಶುರು ಮಾಡಿದ್ದರು. ನಾವು ತಪ್ಪಿದರೆ ಸರದಿ ಅವರದು. ಭಾವ "ಹೌದು" ಎನ್ನಲು ಬಾಯಿ ತೆರೆದರು. ಆ ಕ್ಷಣಕ್ಕೆ ನನಗೆ ಆ ಪಂಕ್ತಿಯ ನಗು ಕಿವಿಯಲ್ಲಿ ಕೇಳಿಸಿತು. ಷರತ್ತು ನೆನಪಾಯಿತು. ಎರಡಕ್ಕಿಂತಲೂ ಹೆಚ್ಚಾಗಿ ಸಿಟ್ಟು ಬಂತು. ನಾನು ಸರಿಯಾಗಿ ಬರೆದುಕೊಟ್ಟದ್ದನ್ನು ಹೊಡೆದುಹಾಕಿದರಲ್ಲ ಎಂಬ ಸಿಟ್ಟು.

"ಅಲ್ಲ!" ಎಂದೆ. ಮೈಕಿಲ್ಲದೆಯೇ ಕೊನೆಯ ಬೆಂಚಿನವರೆಗೂ ಕೇಳಿಸಿತು. "ಅಲ್ಲ ಮೇಡಂ! ಅದ್ರ ತಲೇಲಿ ಆ ಇಲ್ಲ!"

"ಆ ಇಲ್ಲವೋ, ಹ ಇಲ್ಲವೋ?" ಎಂದು ಸಭೆಯಿಂದ ಯಾರೋ ಕೂಗಿದರು. ನಗು ಎದ್ದಿತು. ಅದೇ ನಗು. ಆದರೆ ನಾನು ಕೂರಲಿಲ್ಲ.

ಮೇಡಂ ಕೈಯೆತ್ತಿ ಸದ್ದು ನಿಲ್ಲಿಸಿದರು. "ನಿಯಮದ ಪ್ರಕಾರ ನಾಯಕರ ಮಾತೇ ಕೊನೆ. ಸರ್, ನೀವು ಹೇಳಿದ್ದೇ ಉತ್ತರವೋ, ಇವರಿಗೆ ಮೈಕ್ ಕೊಡುತ್ತೀರೋ?"

ಭಾವ ಚೀಟಿ ನೋಡಿದರು, ನನ್ನನ್ನು ನೋಡಿದರು. "ಖಾತ್ರೀನಾ?" ಎಂದು ಮೆಲ್ಲಗೆ ಕೇಳಿದರು. "ಖಾತ್ರಿ ಭಾವ. ನಮ್ಮ ತಾತನಾಣೆ" ಎಂದೆ. ಅವರು ಚೀಟಿ ಮಡಿಸಿ ಜೇಬಿಗಿಟ್ಟರು. ಆಮೇಲೆ ಮೈಕನ್ನು ನನ್ನ ಕಡೆಗೆ ಚಾಚಿದರು.

ಮೈಕು ತಣ್ಣಗಿತ್ತು. ಗೃಹಪ್ರವೇಶದ ಪಂಕ್ತಿಯಲ್ಲಿ ಮಾತಾಡಿದ ಹಾಗೆ ಮಾತಾಡಿದರೆ ಕೆಟ್ಟೆ ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು. ಗಿರಾಕಿಗೆ ಹೇಳುವ ಹಾಗೆ ಹೇಳಿದೆ.

"ಮೇಡಂ, ನಾ ಮಾತಾಡೋದು ಇಂಗೇಯ, ಬೇಜಾರ್ ಮಾಡ್ಕೋಬೇಡಿ. ಇದು ಅರದಾಳ. ಅಳ್ದಿ ಕಲ್ಲು, ಇಸದ ಕಲ್ಲು. ನಮ್ಮ ತಾತ ಎತ್ತಿನ ಕಜ್ಜಿಗೆ ಅಚ್ತಿದ್ರು. ಆಗಿನ ಕಾಲ್ದಲ್ಲಿ ದೇವ್ರ ಪಟದ ಪೀತಾಂಬ್ರಕ್ಕೂ ಇದನ್ನೇ ಅರೆದು ಆಕೋರು. ಇದು ಉಟ್ಟಿದಾಗ ಹರಿತಾಳ." ಆ ಒಂದು ಹಕಾರವನ್ನು ಮಾತ್ರ ಎದೆಯಿಂದ ಎತ್ತಿ ಬಾಯ್ತುಂಬ ಹೇಳಿದೆ, ಬರುವುದಿಲ್ಲ ಎಂದುಕೊಂಡವರಿಗೆ ಗೊತ್ತಾಗಲೆಂದು. "ಕನ್ನಡಕ್ ಬಂದಾಗ ನಮ್ಮಂಥೋರ ಬಾಯ್ಗೆ ಸಿಕ್ತು. ಟೋಪಿ ಓಯ್ತು, ಅರದಾಳ ಆಯ್ತು. ಗರಗಸ ಮಸೆಯೋ ಫೈಲ್ಗೆ ಅಳೇ ಬಡಗಿಗಳು ಅರ ಅಂತಾರೆ. ಅರದ ಆಳ, ಅರದಾಳ. ಮುಂದ್ಗಡೆ ಹ ಸೇರಿಸ್ಬುಟ್ರೆ ಟೋಪೀನೂ ಕಳ್ಯಾಕಿಲ್ಲ, ಅರಾನೂ ಸಿಗಾಕಿಲ್ಲ."

ಯಾರೂ ನಗಲಿಲ್ಲ. ಮೇಡಂ ಕೈಯಲ್ಲಿದ್ದ ಕಾಗದವನ್ನು ಸಭೆಯ ಕಡೆಗೆ ತಿರುಗಿಸಿದರು. ಅದರಲ್ಲಿ ಒಂದೇ ಪದ ಇತ್ತು, ನಾನು ಬರೆದಿದ್ದ ಪದ.

"ಸರಿ," ಎಂದರು. "ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಗುವವರಿಗೆ ಒಂದು ಮಾತು. ಹಿಂಗುವನ್ನು ಇಂಗು ಮಾಡಿದ್ದು ಇದೇ ಬಾಯಿ. ಹಿಂಗುಲ ಎಂಬ ಕೆಂಪನ್ನು ಇಂಗಳೀಕ ಮಾಡಿದ್ದೂ ಇದೇ ಬಾಯಿ. ನೀವೆಲ್ಲ ಇವತ್ತು ಬೆಳಿಗ್ಗೆ ಸಾರಿಗೆ ಇಂಗು ಹಾಕಿಯೇ ಉಂಡು ಬಂದಿದ್ದೀರಿ."

ಆಗ ಬಂತು ನೋಡಿ ಚಪ್ಪಾಳೆ. ಗುಮಾಸ್ತರು ಎರಡೂ ಕೈಯೆತ್ತಿ, "ಏಳಿರ್ನಿಲ್ವಾ ಸಾರ್ ನಾನು! ಬುಡಾದೇ ಇಲ್ಲ ಅಂತ!" ಎಂದು ಭಾವನ ಬೆನ್ನು ತಟ್ಟಿದರು. ಪಟ್ಟಣದ ನಾಯಕರು ಬಂದು ನನಗೆ ಕೈಮುಗಿದರು. ಅವರ ಚೀಟಿಯಲ್ಲಿ 'ಹರಿತಾಳ' ಎಂದಿತ್ತಂತೆ. ಟೋಪಿ ಸಮೇತ! ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ವಾರ ನಿದ್ದೆ ಕೆಡಿಸಿದ ಆ ಒಗಟನ್ನು ಹಿಡಿದು ಮುದ್ದಿಸಬೇಕೆನಿಸಿತು. ಗೆದ್ದೆ, ನಾನೇ ಗೆದ್ದೆ, ನನ್ನ ಬಾಯಲ್ಲಿ, ನಾಲ್ಕು ತಾಲ್ಲೂಕಿನ ಎದುರಿಗೆ.

ಕಪ್ ಕೊಡಲು ಮುಖ್ಯ ಅತಿಥಿಯೊಬ್ಬರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಮ್ಮ ಸೀಮೆಯವರೇ. ಮೈಕು ಕಂಡೊಡನೆ ಅವರಿಗೂ ಶುದ್ಧ ಕನ್ನಡ ಉಕ್ಕಿತು. "ಈ ದಿನದ ಕಠಿಣವಾದ ಒಗಟಿಗೆ ಹರದಾಳ ಎಂಬ ಸರಿಯುತ್ತರ ನೀಡಿದ..." ಎಂದು ಶುರು ಮಾಡಿದರು.

 ಗೆದ್ದ ಮೇಲೆ ಇನ್ನೇನು ತಕರಾರು ಎಂದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಸದ್ದು ಮಾಡಿತು. ಭಾವ ಎದ್ದು ನಿಂತಿದ್ದರು.

"ಕ್ಷಮಿಸಬೇಕು ಸ್ವಾಮಿ," ಎಂದರು ಹೆಡ್‌ಮಾಸ್ಟರ ಗಂಟಲಿನಲ್ಲಿ. "ಹರದಾಳ ಅಲ್ಲ. ಅರದಾಳ. ನಮ್ಮ ಹುಡುಗಿ ಹೇಳಿದ ಹಾಗೇ ಹೇಳಿ. ಅ... ರ... ದಾಳ."

ಮುಖ್ಯ ಅತಿಥಿ ಕಕ್ಕಾಬಿಕ್ಕಿಯಾಗಿ "ಅರದಾಳ" ಎಂದರು. "ಇನ್ನೊಂದ್ಸಲ," ಎಂದರು ಭಾವ. ಅವರು ಇನ್ನೊಂದು ಸಲ ಹೇಳುವವರೆಗೂ ಭಾವ ಕೂರಲಿಲ್ಲ, ನಾನು ಕಪ್ಪಿಗೆ ಕೈ ಚಾಚಲಿಲ್ಲ.